ಕಿಡ್ನಿ ಊಟದಲ್ಲಿ ಇನ್ನು ರಾಗಿ ಇರುವುದಿಲ್ಲ

ಪ್ರಿಯ ಗ್ರಾಹಕರೇ,

ಕಿಡ್ನಿ ತೊಂದರೆ ಇರುವ ನಾಯಿಗಳಿಗೆ ನಾವು ಮಾಡಿಕೊಡುವ ಊಟದಲ್ಲಿ ಮುಂದಿನ ತಿಂಗಳಿಂದ ರಾಗಿ ಇರುವುದಿಲ್ಲ. ಅದರ ಬದಲು ಬಸಿದ ಸೋನಾ ಮಸೂರಿ ಅನ್ನ ಮತ್ತು ಸಬ್ಬಕ್ಕಿ ಹಾಕುತ್ತೇವೆ. ಬೆಲೆ ಅಷ್ಟೇ. ಆರೋಗ್ಯವಾಗಿರುವ ನಾಯಿಗಳಿಗೆ ಮುದ್ದೆ ಹಾಗೇ ಮುಂದುವರಿಯುತ್ತದೆ.

ಮುದ್ದೆ ಬಿಟ್ಟು ಪಾಲಿಶ್ ಅಕ್ಕಿಯಾ ಅಂತ ಕೆಲವರು ಕೇಳಿದ್ದೀರಿ. ರಾಗಿ ತಿಂದವನು ನಿರೋಗಿ ಅನ್ನುವ ನಾಡು ನಮ್ಮದು, ಕೇಳಲೇಬೇಕಾದ ಮಾತೇ. ಆದರೆ ಕಿಡ್ನಿ ಸೋತ ನಾಯಿಯ ಲೆಕ್ಕ ಬೇರೆ. ಊಟದಲ್ಲಿ ಫಾಸ್ಫರಸ್ ಅನ್ನುವ ಖನಿಜ ಇರುತ್ತದೆ, ಜಾಸ್ತಿಯಾದದ್ದನ್ನು ಹೊರಹಾಕುವುದು ಕಿಡ್ನಿ. ಅದರ ಕೈಲಾಗದಿದ್ದರೆ ರಕ್ತದಲ್ಲಿ ಫಾಸ್ಫರಸ್ ಏರುತ್ತದೆ, ಮೂಳೆ ಸವೆಯುತ್ತದೆ, ಉಳಿದ ಕಿಡ್ನಿಯೂ ಬೇಗ ಹಾಳಾಗುತ್ತದೆ. 100 ಗ್ರಾಂ ರಾಗಿಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಫಾಸ್ಫರಸ್ ಇದೆ. ಪಾಲಿಶ್ ಅಕ್ಕಿಯಲ್ಲಿ ಸುಮಾರು 100. ಸಬ್ಬಕ್ಕಿಯಲ್ಲಿ 10ರ ಆಸುಪಾಸು. ಧಾನ್ಯದ ಫಾಸ್ಫರಸ್ ಪೂರ್ತಿ ಮೈಗೆ ಹತ್ತುವುದಿಲ್ಲ, ನಿಜ. ಆದರೂ ದಿನಾ ಎರಡು ಹೊತ್ತು ತಿನ್ನುವ ಊಟ ಅಲ್ವಾ? ಕೆಂಪಕ್ಕಿ, ನವಣೆಯನ್ನು ಬೇಡ ಅಂದಿದ್ದೂ ಇದಕ್ಕೇ. ಆಲೂಗಡ್ಡೆ, ಗೆಣಸಿನದ್ದು ಪೊಟ್ಯಾಸಿಯಮ್ ತಕರಾರು: ಅವುಗಳಲ್ಲಿ ಅದು ಜಾಸ್ತಿ, ಅದನ್ನೂ ಹೊರಹಾಕಬೇಕಾದ್ದು ಕಿಡ್ನಿಯೇ.

ಇನ್ನೊಂದು ಮಾತು. ಮಾಂಸ ಕಡಿಮೆ ಮಾಡಿದ ಮೇಲೆ ಕ್ಯಾಲೊರಿ ಬೇರೆಲ್ಲಿಂದಾದರೂ ಬರಬೇಕು. ಬರದಿದ್ದರೆ ನಾಯಿಯ ಸ್ನಾಯುವೇ ಕರಗುತ್ತದೆ. ಸವರಿದರೆ ಬೆನ್ನುಮೂಳೆ ಕೈಗೆ ಸಿಗುತ್ತದೆ. ಕರಗಿದ ಸ್ನಾಯುವಿನ ಕಸವನ್ನೂ ಆ ಸೋತ ಕಿಡ್ನಿಯೇ ತೆಗೆಯಬೇಕು. ಅದಕ್ಕೇ ಈ ಊಟದಲ್ಲಿ ಅನ್ನ, ಸಬ್ಬಕ್ಕಿಯ ಕೆಲಸ ಶಕ್ತಿ ಕೊಡುವುದಷ್ಟೇ. ಬೇರೆ ಸತ್ವ ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರೋಟೀನಿಗೆ ಸ್ವಲ್ಪ ಕೋಳಿ ಮತ್ತು ಬೇಯಿಸಿದ ಮೊಟ್ಟೆಯ ಬಿಳಿ ಇದ್ದೇ ಇರುತ್ತದೆ. ಹಳದಿಯಲ್ಲಿ ಫಾಸ್ಫರಸ್ ಜಾಸ್ತಿ, ಹಾಕುವುದಿಲ್ಲ. ವಿಟಮಿನ್ ನಿಮ್ಮ ಡಾಕ್ಟರ್ ಬರೆದುಕೊಟ್ಟಂತೆ.

ಅಕ್ಕಿಯನ್ನು ಚೆನ್ನಾಗಿ ತೊಳೆದು, ಧಾರಾಳವಾಗಿ ನೀರಿಟ್ಟು ಬೇಯಿಸಿ ಗಂಜಿ ಬಸಿಯುತ್ತೇವೆ. ಪೊಟ್ಯಾಸಿಯಮ್ ಒಂದಿಷ್ಟು ಆ ನೀರಲ್ಲೇ ಹೋಗುತ್ತದೆ. ಸಬ್ಬಕ್ಕಿಯನ್ನು ನೆನೆಸಿ, ನಡುವಿನ ಬಿಳಿ ಚುಕ್ಕೆ ಹೋಗಿ ಪಾರದರ್ಶಕ ಆಗುವವರೆಗೆ ಬೇಯಿಸುತ್ತೇವೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ.

ಸಕ್ಕರೆ ಕಾಯಿಲೆಯೂ ಇರುವ ನಾಯಿಗೆ ಈ ಊಟ ಶುರು ಮಾಡುವ ಮೊದಲು ನಮಗೆ ಹೇಳಿ, ಡಾಕ್ಟರನ್ನೂ ಕೇಳಿ. ಮನೆಯ ಬೆಕ್ಕಿಗೆ ಮಾತ್ರ ಇದನ್ನು ಹಾಕಬೇಡಿ. ಬೆಕ್ಕಿಗೆ ಮಾಂಸವೇ ಆಧಾರ. ಕಿಡ್ನಿ ಕಾಯಿಲೆ ಬಂದ ಬೆಕ್ಕುಗಳಲ್ಲಿ ಎಷ್ಟೋ ಸಲ ಪೊಟ್ಯಾಸಿಯಮ್ ಕಡಿಮೆಯಾಗಿರುತ್ತದೆ, ಅವಕ್ಕೆ ಈ ಲೆಕ್ಕ ತಿರುಗುಮುರುಗು.

ಮುದ್ದೆ ರುಚಿ ಹತ್ತಿದ ನಾಯಿ ಅನ್ನ ಮೂಸಿ ಹೋಗಬಹುದು. ಅದಕ್ಕೇ ಮೊದಲ ವಾರ ಹಳೆಯ ಊಟ, ಹೊಸ ಊಟ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಕಳಿಸುತ್ತೇವೆ. ಮೊದಲೆರಡು ದಿನ ಹೊಸದು ಕಾಲು ಭಾಗ ಸಾಕು, ಆಮೇಲೆ ಮೆಲ್ಲಗೆ ಜಾಸ್ತಿ ಮಾಡಿ. ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆಗೆ ಬರುತ್ತವೆ. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ, ನಮಗೂ ತಿಳಿಸಿ. ಹೊಸ ರಕ್ತ ಪರೀಕ್ಷೆಯ ವರದಿ ಇದ್ದರೆ ಕಳಿಸಿಕೊಡಿ, ಅಳತೆ ಅದರಂತೆ ಬದಲಿಸುತ್ತೇವೆ.

ಇಂತಿ,
ನಿಮ್ಮ ಅಡುಗೆಮನೆಯ ಬಳಗ