ಬಲಗೈಯ ಬಾಕಿ

ಅರಸೀಕೆರೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಏನಿಲ್ಲ ದೊಡ್ಡಮ್ಮ, ಚೆನ್ನಾಗಿದ್ದೀನಿ" ಅಂದುಬಿಡುತ್ತೀಯ. ಅದಕ್ಕೇ ಕಾಗದ.

ಹೋದ ತಿಂಗಳು ಗೃಹಪ್ರವೇಶದಲ್ಲಿ ನಿನ್ನನ್ನು ನೋಡಿದೆ. ಊಟಕ್ಕೆ ಹೋಗುವಾಗ ಯಾರದೋ ಚೀಲ ನಿನ್ನ ಎಡ ಮೊಣಕೈಗೆ ತಾಗಿತು. ನೀನು ನಾಲ್ಕು ಹೆಜ್ಜೆ ಮುಂದೆ ಹೋದೆ. ಏನೋ ಮರೆತವಳ ಹಾಗೆ ವಾಪಸ್ ಬಂದೆ. ಬಲ ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಮೆಲ್ಲಗೆ ತಾಗಿಸಿದೆ. ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಅಷ್ಟರಲ್ಲಿ ನಿನ್ನ ಎಲೆಗೆ ಪಲ್ಯ ಬಿದ್ದಾಗಿತ್ತು. ಹೆದರಬೇಡ, ಬೇರೆ ಯಾರೂ ಗಮನಿಸಲಿಲ್ಲ. ಆ ಕಳ್ಳತನ ನಾನೂ ಮಾಡಿದವಳು, ಅದಕ್ಕೆ ನನಗೆ ಗೊತ್ತಾಯಿತು.

ನಾವು ಚಿಕ್ಕವರಿದ್ದಾಗ ಆಟದಲ್ಲಿ ಇಬ್ಬರ ತಲೆ ಡಿಕ್ಕಿಯಾದರೆ "ಇನ್ನೊಂದು ಸಲ ಹೊಡಿ, ಇಲ್ಲಾಂದ್ರೆ ಕೊಂಬು ಬರುತ್ತೆ" ಅನ್ನುತ್ತಿದ್ದರು. ಎಲ್ಲರೂ ಹೊಡೆದುಕೊಂಡು, ನಕ್ಕು, ಮರೆಯುತ್ತಿದ್ದರು. ನಿಮ್ಮಮ್ಮನೂ ಅಷ್ಟೇ. ನನಗೆ ಮಾತ್ರ ಅದು ಆಟಕ್ಕೆ ನಿಲ್ಲಲಿಲ್ಲ. ಕೊಂಬಿನ ಭಯ ಅಲ್ಲ ಪುಟ್ಟಿ. ಒಂದು ಕಡೆ ತಾಗಿ ಇನ್ನೊಂದು ಕಡೆ ಖಾಲಿ ಇದ್ದರೆ ಮೈಯೇ ವಾಲಿದ ಹಾಗೆ ಆಗುತ್ತಿತ್ತು. ಎಡ ಮುಟ್ಟಿದರೆ ಬಲ ಮುಟ್ಟಬೇಕು. ಸರಿ, ಮುಗಿಯಿತಾ? ಇಲ್ಲ. ಎಡಕ್ಕೆ ಮೊದಲ ಸರದಿ ಸಿಕ್ಕಿತಲ್ಲ, ಅದು ಅನ್ಯಾಯ. ಅದಕ್ಕೆ ಬಲ, ಎಡ. ಈಗ 4 ಆಯಿತು. ಆದರೆ ಆ ನಾಲ್ಕೂ ಶುರುವಾಗಿದ್ದು ಎಡದಿಂದಲೇ. ಹಾಗಾಗಿ ಅಷ್ಟನ್ನೂ ತಿರುವಿ ಬಲ, ಎಡ, ಎಡ, ಬಲ. 8. ಆಮೇಲೆ 16, 32. ಒಂದು ದಿನ 64ರ ಹತ್ತಿರ ಇದ್ದೆ, ಒಲೆ ಮೇಲಿನ ಹಾಲು ಪೂರ್ತಿ ಉಕ್ಕಿ ಹೋಯಿತು. ಅಮ್ಮ ಬೈದರು. ಬೈಸಿಕೊಳ್ಳುತ್ತಲೇ ಕಾಲ್ಬೆರಳಲ್ಲಿ ಉಳಿದ ಲೆಕ್ಕ ಮುಗಿಸಿದೆ.

19ನೇ ವಯಸ್ಸಿಗೆ ಹೊಲಿಗೆ ಕಲಿಯಲು ಹೋದೆ. ಹುಕ್ಕು ಹಾಕುವಾಗ ಸೂಜಿ ಎಡಗೈ ಬೆರಳಿಗೆ ಚುಚ್ಚಿತು. ನಾನು ಸುಮ್ನೆ ಆ ಸೂಜಿಯನ್ನು ಎಡಗೈಗೆ ತೆಗೆದುಕೊಂಡು ಬಲಗೈಯ ಅದೇ ಬೆರಳಿಗೆ ಚುಚ್ಚಿಕೊಂಡೆ. ಎರಡು ಹನಿ ರಕ್ತ, ಎರಡೂ ಒಂದೇ ಗಾತ್ರ ಇವೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಇದನ್ನು ನಾನು ನಿಮ್ಮ ದೊಡ್ಡಪ್ಪನಿಗೂ ತುಂಬಾ ವರ್ಷ ಹೇಳಿರಲಿಲ್ಲ. ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನೀನು ಕೆನ್ನೆಯ ಒಳಗಡೆ ಎರಡೂ ಬದಿ ಕಚ್ಚಿ ಗಾಯ ಮಾಡಿಕೊಂಡಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಖಾರದ ಊಟ ಬಿಟ್ಟಿದ್ದೀಯಂತೆ.

ಇದಕ್ಕೆ ಹೆಸರಿದೆ. ಕನ್ನಡದಲ್ಲಿ ಗೀಳು ಕಾಯಿಲೆ ಅನ್ನುತ್ತಾರೆ, ಡಾಕ್ಟರುಗಳು ಓಸಿಡಿ ಅನ್ನುತ್ತಾರೆ. ಬೀರುವಿನ ಬಟ್ಟೆ ನೀಟಾಗಿ ಮಡಿಸಿಟ್ಟವರೆಲ್ಲ "ನಂಗೂ ಓಸಿಡಿ" ಅಂತ ಓಡಾಡುತ್ತಾರಲ್ಲ, ಅದಲ್ಲ ಇದು. ನೂರು ಜನರಲ್ಲಿ ಸುಮಾರು 2 ಮಂದಿಗೆ ಜೀವನದಲ್ಲಿ ಯಾವಾಗಲಾದರೂ ಬರುತ್ತದಂತೆ. ಕೆಲವರಿಗೆ ಕೈ ತೊಳೆಯುವುದು, ಕೆಲವರಿಗೆ ಬೀಗ ಎಳೆದು ಎಳೆದು ನೋಡುವುದು. ನಮ್ಮಿಬ್ಬರಿಗೆ ಎಡ ಬಲದ ಜಗಳ. ನಮ್ಮ ಥರದಲ್ಲಿ ಎಷ್ಟೋ ಸಲ ಭಯವೇ ಇರುವುದಿಲ್ಲ, "ಸರಿ ಅನ್ನಿಸ್ತಿಲ್ಲ" ಅನ್ನುವುದೊಂದೇ ಇರುತ್ತದೆ. ಫ್ರಾನ್ಸಿನ ಪಿಯರ್ ಜಾನೆ ಅನ್ನುವ ಡಾಕ್ಟರು 1903ರಲ್ಲೇ ಇದನ್ನು ಅಪೂರ್ಣತೆಯ ಭಾವನೆ ಅಂತ ಬರೆದಿಟ್ಟಿದ್ದರಂತೆ. ಅದನ್ನು ಕೇಳಿದಾಗ ನನಗೆ ಅಳು ಬಂತು. ಅಷ್ಟು ಹಳೇ ಕಾಯಿಲೆಯನ್ನು ನಾನೊಬ್ಬಳೇ ಕಂಡುಹಿಡಿದವಳ ಹಾಗೆ ಬಚ್ಚಿಟ್ಟಿದ್ದೆ!

ನನಗೆ ಅದು ಗೊತ್ತಾಗಿದ್ದು 2003ರಲ್ಲಿ. ಅದಕ್ಕೂ ಮೊದಲು ಒಬ್ಬ ಡಾಕ್ಟರು "ಮದುವೆ ಮಾಡಿ, ಸರಿಹೋಗುತ್ತೆ" ಅಂದಿದ್ದರು. ಮದುವೆಯಾಯಿತು. ಎರಡೂ ಕೈಗೆ ಬಳೆ ಜಾಸ್ತಿಯಾಯಿತು, ಅಷ್ಟೇ. ಅಪ್ಪ ಶಾಂತಿ ಮಾಡಿಸಿದರು, ಪ್ರದಕ್ಷಿಣೆ ಹಾಕು ಅಂದರು. ಪ್ರದಕ್ಷಿಣೆ ಬಲಕ್ಕೇ ತಿರುಗಬೇಕಲ್ಲ, ಮನೆಗೆ ಬಂದು ಎಡಕ್ಕೆ ಅಷ್ಟೇ ಸುತ್ತು ತಿರುಗುತ್ತಿದ್ದೆ. ಕೊನೆಗೆ ನಿಮ್ಮ ದೊಡ್ಡಪ್ಪ ರೈಲು ಹತ್ತಿಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ನೀನು ಅದೇ ಊರಿನಲ್ಲಿದ್ದೀಯ. ಅಲ್ಲಿ ಓಸಿಡಿಗೆ ಅಂತಲೇ ಕ್ಲಿನಿಕ್ ಇದೆ. ಒಬ್ಬಳೇ ಹೋಗಲು ಸಂಕೋಚವಾದರೆ ಹೇಳು, ಬರುತ್ತೇನೆ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರಲ್ಲಿ ಸರ್ಕಾರ ಶುರುಮಾಡಿದ್ದು. ಕನ್ನಡದಲ್ಲೂ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಸಾಕು ಈ ಜೀವ ಅನ್ನಿಸಿದ ಹೊತ್ತಿನಲ್ಲಂತೂ ಕಾಯಬೇಡ, ಆಗಲೇ ಮಾಡು.

ಮಾತ್ರೆ ಕೊಟ್ಟರೆ ಬೇಡ ಅನ್ನಬೇಡ. ನನಗೆ ಕೊಟ್ಟಿದ್ದು ಫ್ಲೂಯಾಕ್ಸೆಟಿನ್. ಮೊದಲ ವಾರ ಹೊಟ್ಟೆ ತೊಳಸಿತು. ಒಂದು ತಿಂಗಳಾದರೂ ಏನೂ ಗೊತ್ತಾಗಲಿಲ್ಲ, ಬಿಟ್ಟುಬಿಡೋಣ ಅಂದುಕೊಂಡೆ. ಈ ಕಾಯಿಲೆಗೆ ಮಾತ್ರೆ ಹಿಡಿಯಲು 8ರಿಂದ 12 ವಾರ ಬೇಕು ಅಂತ ಆಮೇಲೆ ತಿಳಿಯಿತು. ಹಾಗಾಗಿ ನೀನಾಗಿ ನಿಲ್ಲಿಸಬೇಡ, ಡಾಕ್ಟರನ್ನು ಕೇಳಿ ನಿಲ್ಲಿಸು.

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಇನ್ನೊಂದು. ಲಂಡನ್ನಿನ ವಿಕ್ಟರ್ ಮೇಯರ್ ಅನ್ನುವವರು 1966ರಲ್ಲಿ ಬರೆದ ದಾರಿಯಂತೆ ಅದು. ಕೇಳಿದರೆ ನಗು ಬರುತ್ತದೆ, ಮಾಡಿದರೆ ಜೀವ ಹೋಗುತ್ತದೆ. ಬೇಕಂತಲೇ ಎಡ ಮುಟ್ಟಬೇಕು, ಬಲ ಮುಟ್ಟದೆ ಕೂತಿರಬೇಕು. ಅಷ್ಟೇ.

ಮೊದಲ ದಿನ ಆಸ್ಪತ್ರೆಯ ಮೇಜಿನ ಅಂಚಿಗೆ ಎಡ ಅಂಗೈ ಒತ್ತಿಸಿ ತೆಗೆಸಿದರು. ಬಲಗೈ ತೊಡೆ ಮೇಲಿತ್ತು. ಎರಡು ನಿಮಿಷಕ್ಕೆ ಬಲ ಅಂಗೈ ಜುಮ್ಮೆನ್ನತೊಡಗಿತು. ಐದು ನಿಮಿಷಕ್ಕೆ ಬೆನ್ನು ಬೆವರಿತು. ಹಲ್ಲು ಕಚ್ಚಿಕೊಂಡೆ, ಎರಡೂ ದವಡೆಗೆ ಸಮ ಬೀಳುವ ಹಾಗೆ. ಎದುರಿಗಿದ್ದ ಹುಡುಗಿ, ನಿನಗಿಂತ ಸ್ವಲ್ಪ ದೊಡ್ಡವಳು, "ಅಮ್ಮ, ದವಡೆ ಸಡಿಲ ಬಿಡಿ" ಅಂದಳು. ಸಿಕ್ಕಿಬಿದ್ದೆ. ಮುಕ್ಕಾಲು ಗಂಟೆ ಹೊತ್ತಿಗೆ, ನಾನು ಏನೂ ಮಾಡದೆಯೇ, ಆ ಜುಮ್ಮು ತಣ್ಣಗಾಯಿತು. ಅಷ್ಟು ವರ್ಷ ನಾನು ಸಮ ಮಾಡಿದ್ದರಿಂದ ಅದು ಹೋಗುತ್ತಿದೆ ಅಂದುಕೊಂಡಿದ್ದೆ. ಮಾಡದಿದ್ದರೂ ಹೋಗುತ್ತದೆ ಪುಟ್ಟಿ. ಮಾಡಿದರೆ ಮತ್ತೆ ಬರುತ್ತದೆ, ಬಡ್ಡಿ ಸಮೇತ.

ನನ್ನ ಅಂಗಡಿ ಖಾತೆ ಪುಸ್ತಕ ನೀನು ನೋಡಿದ್ದೀಯ. ಎಷ್ಟು ಜನರ ಬಾಕಿ ಹಾಗೇ ಇದೆ! ಬಲಗೈಯ ಬಾಕಿಯನ್ನೂ ಹಾಗೇ ಬಿಡಲು ಕಲಿತೆ. ಸುಲಭದ್ದರಿಂದ ಶುರು ಮಾಡು. ವಾಚು ಒಂದೇ ಕೈಗಲ್ವಾ ಕಟ್ಟುವುದು, ಇನ್ನೊಂದು ಕೈಗೆ ಹೇರ್‌ಬ್ಯಾಂಡ್ ಹಾಕಿ ಸರಿದೂಗಿಸುತ್ತಿದ್ದೀಯ, ನೋಡಿದೆ. ಮೊದಲು ಅದನ್ನು ತೆಗೆ. ಕೆನ್ನೆ ಕಚ್ಚುವುದು ಕಷ್ಟದ್ದು, ಅದನ್ನು ಡಾಕ್ಟರ ಜೊತೆ ಕೂತು ಮಾಡು. ಮತ್ತೆ ಒಂದು ಕಳ್ಳದಾರಿ ಇದೆ, ಅದನ್ನು ನನಗಿಂತ ಚೆನ್ನಾಗಿ ನೀನೇ ಬಲ್ಲೆ. ಕೈ ಸುಮ್ಮನಿಟ್ಟು ಮನಸ್ಸಿನಲ್ಲೇ ಬಲಗಡೆ ಮುಟ್ಟುವುದು, ಶೂ ಒಳಗೆ ಬೆರಳು ಮಡಚುವುದು. ಅದೂ ಮುಟ್ಟಿದ ಲೆಕ್ಕವೇ.

ನಿಮ್ಮಮ್ಮನಿಗೆ ಬೇರೆ ಬರೆಯುತ್ತೇನೆ. ಅವಳು ಒಂದು ಕೆನ್ನೆ ತಟ್ಟಿದರೆ ನೀನು ಇನ್ನೊಂದು ಕೆನ್ನೆ ಒಡ್ಡುತ್ತೀಯಂತೆ, ಅವಳು ಪಾಪ ಅಂತ ತಟ್ಟುತ್ತಾಳಂತೆ. ಪ್ರೀತಿಯೇ, ಆದರೆ ಆ ಪ್ರೀತಿ ಕಾಯಿಲೆಗೆ ಅನ್ನ ಹಾಕುತ್ತದೆ. ಇಬ್ಬರೂ ಕೂತು ಮಾತಾಡಿಕೊಳ್ಳಿ, ಮೆಲ್ಲಮೆಲ್ಲಗೆ ನಿಲ್ಲಿಸಿ. ಒಂದೇ ದಿನಕ್ಕೆ ಕೈ ಕಟ್ಟಿ ನಿಂತುಬಿಟ್ಟರೆ ನಿನಗೆ ತಡೆಯಲು ಆಗುವುದಿಲ್ಲ.

ಪೂರ್ತಿ ಹೋಗುತ್ತದಾ ಅಂತ ಕೇಳುತ್ತೀಯ. ನನಗೆ ಪೂರ್ತಿ ಹೋಗಿಲ್ಲ. ಮದುವೆ ಸೀಸನ್ನಿನಲ್ಲಿ ನಿದ್ದೆ ಕೆಟ್ಟರೆ ಈಗಲೂ ಬಲಗೈ ಕರೆಯುತ್ತದೆ. ಬಂದಿದ್ದೀಯಾ, ಕೂತ್ಕೋ ಅಂತ ಹೇಳಿ ಕಾಜಾ ಹೊಲಿಯುತ್ತಾ ಇರುತ್ತೇನೆ.

ಇಷ್ಟು ವರ್ಷ ರವಿಕೆ ಹೊಲಿದಿದ್ದೇನೆ, ಎರಡೂ ಭುಜ ಒಂದೇ ಸಮ ಇರುವ ಹೆಂಗಸನ್ನು ನೋಡಿದ್ದು ಕಡಿಮೆ. ಕಾಲಿಂಚು, ಅರ್ಧ ಇಂಚು ವ್ಯತ್ಯಾಸ ಇದ್ದೇ ಇರುತ್ತದೆ. ಅವರಿಗೇ ಗೊತ್ತಿರುವುದಿಲ್ಲ, ನಾವು ಟೇಪು ಹಿಡಿದವರು ಹೇಳುವುದೂ ಇಲ್ಲ. ಅದಕ್ಕೆ ತಕ್ಕ ಹಾಗೆ ಕತ್ತರಿಸಿದರೆ ರವಿಕೆ ಚೆನ್ನಾಗಿ ಕೂರುತ್ತದೆ, ಎರಡೂ ಕಡೆ ಒಂದೇ ಅಳತೆ ಇಟ್ಟರೆ ಒಂದು ಭುಜ ಜಾರುತ್ತದೆ. ಒಳಗೂ ಹಾಗೇ ಅಂತೆ. ಬಲ ಶ್ವಾಸಕೋಶಕ್ಕೆ ಮೂರು ಭಾಗ, ಎಡದ್ದಕ್ಕೆ ಎರಡೇ. ನಿನ್ನ ಎಡ ಭುಜ ಕಾಲಿಂಚು ಕೆಳಗಿದೆ. ನಿನ್ನ ಹತ್ತನೇ ಕ್ಲಾಸಿನಿಂದ ನನಗೆ ಗೊತ್ತು.

ಈ ಕಾಗದದ ಜೊತೆ ನಿನ್ನ ಹಸಿರು ರವಿಕೆ ಇದೆ. ಎಡ ತೋಳಿಗೆ ಮೂರು ಗುಂಡಿ, ಬಲ ತೋಳಿಗೆ ಎರಡು. ಮರೆತಿದ್ದಲ್ಲ, ಬೇಕಂತಲೇ. ಈಗಲೇ ಹಾಕಿಕೊಳ್ಳಬೇಕು ಅಂತಿಲ್ಲ, ಬೀರುವಿನಲ್ಲಿ ಇಡು. ಹಾಕಿಕೊಂಡ ದಿನ ಒಂದು ಫೋಟೋ ಕಳಿಸು. ಮೂರನೇ ಗುಂಡಿ ಕಿತ್ತು ಹಾಕಿದರೆ ನನಗೆ ದಾರ ನೋಡಿಯೇ ಗೊತ್ತಾಗುತ್ತದೆ, ಹುಷಾರು.

ನಿನ್ನ
ದೊಡ್ಡಮ್ಮ