ಗುಂಪಿನಲ್ಲೇ ಒಂದು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಕಾವೇರಿ ವಿಷಯ ಬಂದರೆ ಸಾಕು, ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೆರೆಹೊರೆಯವರೇ ಒಬ್ಬರನ್ನೊಬ್ಬರು ಹೀಯಾಳಿಸುವುದು ಜಾಸ್ತಿಯಾಗಿದೆ.

ಈಚೆಗೆ ನಮ್ಮ ಗುಂಪಿಗೆ ಒಬ್ಬರು ಕೆಆರ್‌ಎಸ್ ಹಿನ್ನೀರಿನ ಫೋಟೊ ಹಾಕಿದರು. ನೆಲವೆಲ್ಲ ಬಿರುಕು. 'ಇಷ್ಟಾದರೂ ತಮಿಳುನಾಡಿಗೆ ನೀರು ಬಿಡ್ತಿದಾರೆ' ಎಂದು ಬರೆದಿದ್ದರು. ಹಿಂದಿನ ಕ್ರಾಸಿನ ಹಿರಿಯರೊಬ್ಬರು, 'ಸರ್, ಇದು ಹಳೇ ಫೋಟೊ ಇರಬೇಕು, ಇವತ್ತಿನ ಪೇಪರ್‌ನಲ್ಲಿ ನೀರಿನ ಮಟ್ಟ ಕೊಟ್ಟಿದಾರೆ ನೋಡಿ' ಎಂದರು. ಅಷ್ಟೇ. ಅವರ ಮನೆಮಾತು ತಮಿಳು. 'ಕುಡಿಯೋದು ನಮ್ಮ ನೀರು, ವಕಾಲತ್ತು ಅವರ ಪರ', 'ನಿಮ್ಮೂರಿಗೆ ಹೋಗಿ' ಎಂದು ಮೂರ್ನಾಲ್ಕು ಜನ ಮುಗಿಬಿದ್ದರು. ಪೇಪರ್ ನೋಡಿದವರು ಯಾರೂ ಇಲ್ಲ. ಹಿರಿಯರು ಗುಂಪು ಬಿಟ್ಟರು. ಬಿನ್ನಿ ಮಿಲ್‌ನಲ್ಲಿ ದುಡಿದು, ಇಲ್ಲೇ ಮೊಮ್ಮಕ್ಕಳನ್ನು ಕಂಡವರು ಅವರು. ಯಾವ ಊರಿಗೆ ಹೋಗಬೇಕು?

ಕಾವೇರಿ ನನಗೂ ದೂರದ ವಿಷಯವಲ್ಲ. ನನ್ನ ತವರು ಮದ್ದೂರು ಕಡೆ. ಕೆಆರ್‌ಎಸ್‌ನಿಂದ ಬರುವ ವಿ.ಸಿ. ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟು ನೀರು ಬಂದರೇನೇ ಅಣ್ಣನ ಗದ್ದೆ ಉಳಿಯುವುದು. ಸಿಟ್ಟು ಬರಬಾರದು ಎಂದು ನಾನು ಖಂಡಿತ ಹೇಳುವುದಿಲ್ಲ. ಆದೇಶದ ಬಗ್ಗೆ, ಸರ್ಕಾರದ ಬಗ್ಗೆ, ಟಿಎಂಸಿ ಲೆಕ್ಕದ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡೋಣ. ಪಕ್ಕದ ಮನೆಯವರ ಭಾಷೆ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನೀರು ಹಂಚಿಕೆಯ ನ್ಯಾಯಮಂಡಳಿ ನಮಗೆ ಕಡಿಮೆ ನೀರು ಕೊಟ್ಟಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಡೀ ನಗರವನ್ನು ಲೆಕ್ಕಕ್ಕೆ ಹಿಡಿದು, ಕುಡಿಯಲೆಂದೇ 4.75 ಟಿಎಂಸಿ ಅಡಿ ಹೆಚ್ಚುವರಿ ಕೊಟ್ಟಿತು. ಇಲ್ಲಿ ಬದುಕುವ ಎಲ್ಲರ ಹೆಸರಲ್ಲಿ ಸಿಕ್ಕ ನೀರು ಅದು. ಆ ಹಿರಿಯರೂ ಅದರಲ್ಲಿ ಸೇರಿದ್ದಾರೆ, ಅಲ್ವಾ?

ಭಾಷೆ ಹಿಡಿದು ಬೈಯುವುದು ಎಲ್ಲಿಗೆ ಮುಟ್ಟುತ್ತದೆ ಎಂದು ನಾವು ಕಂಡಿದ್ದೇವೆ. ಕಾವೇರಿ ಗಲಾಟೆ ನಡೆದ 2016ರ ಸೆಪ್ಟೆಂಬರ್ 12 ಮಾಗಡಿ ರಸ್ತೆ ಕಡೆಯವರಿಗೆ ಮರೆಯುವಂಥದ್ದಲ್ಲ. ಅದಕ್ಕೂ ಮುಂಚೆ, ಫೇಸ್‌ಬುಕ್ ಪೋಸ್ಟ್ ಒಂದಕ್ಕಾಗಿ ಹುಡುಗನೊಬ್ಬನನ್ನು ಹೊಡೆದ ವಿಡಿಯೊ ಫೋನಿಂದ ಫೋನಿಗೆ ಹೋಗಿತ್ತು. ಆಮೇಲೆ ಬಸ್ಸುಗಳು ಉರಿದವು, ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕ ಸತ್ತ, 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು.

ನನಗೆ ಜಾಸ್ತಿ ಬೇಸರವಾಗಿದ್ದು ಬೈದವರಿಂದಲ್ಲ. 'ಫೋಟೊ ಬಗ್ಗೆ ಮಾತಾಡಿ, ಅವರ ಭಾಷೆ ಬಗ್ಗೆ ಬೇಡ' ಎಂದು ನಾನು ಗುಂಪಿನಲ್ಲಿ ಬರೆದೆ. ಆಮೇಲೆ ಎಷ್ಟೋ ಜನ ನನಗೊಬ್ಬಳಿಗೇ ಮೆಸೇಜ್ ಮಾಡಿದರು. 'ಪಾಪ, ಅವರಿಗೆ ಹಾಗೆ ಅನ್ನಬಾರದಿತ್ತು.' ಹಾಲಿನ ಬೂತ್ ಹತ್ತಿರವೂ ಇದೇ ಮಾತು. ಗುಂಪಿನಲ್ಲಿ ಹೇಳಿ ಅಂದರೆ, 'ಸುಮ್ನೆ ಯಾಕೆ ನಿಷ್ಠುರ ಆಗೋದು?' ಹೀಗಾಗಿ ಇಡೀ ಬಡಾವಣೆಯೇ ತಮ್ಮನ್ನು ಬೇಡ ಎಂದಿದೆ ಅಂತ ಆ ಹಿರಿಯರು ತಿಳಿದಿದ್ದಾರೆ. ಬೈದವರಿಗೂ ಎಲ್ಲರೂ ತಮ್ಮ ಕಡೆ ಇದ್ದಾರೆ ಎಂಬ ಧೈರ್ಯ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮರುಕವನ್ನು ಗುಟ್ಟಾಗಿ ತಿಳಿಸಬೇಡಿ. ಗುಂಪಿನಲ್ಲೇ ಒಂದು ಸಾಲು ಬರೆಯಿರಿ. ಫೋಟೊ ಹಾಕಿದವರನ್ನೂ ಹಂಗಿಸಬೇಕಿಲ್ಲ, ಅವರೂ ಮಂಡ್ಯದ ರೈತನ ಮಗನೇ, ಅವರ ಸಂಕಟ ನಿಜ. ಅಡ್ಮಿನ್‌ಗಳು ಗುಂಪಿಗೆ ಬೀಗ ಹಾಕುವ ಬದಲು ಇಬ್ಬರಿಗೂ ಫೋನ್ ಮಾಡಿ ಮಾತಾಡಲಿ.

ಆ ಹಿರಿಯರನ್ನು ಮತ್ತೆ ಸೇರಿಸಿ ಎಂದು ನಮ್ಮ ಅಡ್ಮಿನ್‌ಗೆ ಹೇಳಿದ್ದೇನೆ. ಅಂದು ಬೈದವರೇ ಅವರ ಮನೆಗೆ ಹೋಗಿ ಕರೆದರೆ ಇನ್ನೂ ಒಳ್ಳೆಯದು.

ನಿವೃತ್ತ ಶಿಕ್ಷಕಿ, ಕಾಮಾಕ್ಷಿಪಾಳ್ಯ, ಬೆಂಗಳೂರು