ಎಳೆ ಅಂದರೆ ದಾರ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪದಬಂಧದ ಬಗ್ಗೆ ನನ್ನದೊಂದು ತಕರಾರಿದೆ. ಎಡದಿಂದ ಬಲಕ್ಕೆ ಸುಳಿವು 'ದಾರ', ಎರಡು ಅಕ್ಷರ. ನಾನು ಹಿಂದೆಮುಂದೆ ನೋಡದೆ ಪೆನ್ನಿನಲ್ಲೇ 'ನೂಲು' ಅಂತ ಬರೆದೆ. ಮೇಲಿಂದ ಕೆಳಕ್ಕೆ ಬರುವ ಪದಕ್ಕೆ ಸುಳಿವು 'ಮೋಡದಿಂದ ಬೀಳುವುದು'. ಅದು ಮಳೆಯೇ, ಅನುಮಾನವಿಲ್ಲ. ಆಗ ನನ್ನ ನೂಲು ಹೋಗಿ 'ನೂಳೆ' ಆಯಿತು. ನಗಬೇಡಿ, ನೂಳೆ ಅನ್ನೋ ಪದ ಎಲ್ಲಾದರೂ ಇರಬಹುದಾ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೇನೆ. ಮರುದಿನ ಉತ್ತರ ನೋಡಿದರೆ 'ಎಳೆ'!

ನಾನು ಬಟ್ಟೆ ಹೊಲಿಯುವವಳು. ದಿನವಿಡೀ ಕೈಯಲ್ಲಿ ಇರೋದೇ ದಾರ. ಅದಕ್ಕೇ ಹೇಳುತ್ತಿದ್ದೇನೆ, ಎಳೆ ಅಂದರೆ ದಾರ ಅಲ್ಲ ಸ್ವಾಮಿ. ದಾರದ ಒಳಗೆ ಇರುವುದು ಎಳೆ.

ನಂಬಿಕೆ ಬರದಿದ್ದರೆ ಹೊಲಿಗೆ ಮಷಿನ್‌ಗೆ ಹಾಕುವ ದಾರವನ್ನು ಒಂದು ಗೇಣು ಕತ್ತರಿಸಿಕೊಳ್ಳಿ. ತುದಿಯನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು, ಹುರಿ ಯಾವ ಕಡೆಗಿದೆಯೋ ಅದಕ್ಕೆ ಎದುರಾಗಿ ಮೆಲ್ಲಗೆ ಹೊಸೆಯಿರಿ. ತುದಿ ಬಿಚ್ಚಿಕೊಂಡು ಎರಡೋ ಮೂರೋ ಸಣ್ಣ ನೂಲು ಕಾಣುತ್ತವೆ. ಅವು ಎಳೆಗಳು. ಒಂದೊಂದನ್ನೇ ಬೇರೆ ಮಾಡಿ ಜಗ್ಗಿದರೆ ಪಟ್ ಅಂತ ಕಿತ್ತು ಬರುತ್ತವೆ. ಒಟ್ಟಿಗೆ ಹುರಿ ಮಾಡಿದಾಗಲೇ ಅವಕ್ಕೆ ಗಟ್ಟಿತನ, ಆಗಲೇ ಅದಕ್ಕೆ ದಾರ ಅಂತ ಹೆಸರು. ಆ ಹುರಿಗೂ ಒಂದು ದಿಕ್ಕಿದೆ. ಮಷಿನ್ ದಾರದ ಹುರಿ ಸಾಮಾನ್ಯವಾಗಿ ಇಂಗ್ಲಿಷಿನ 'ಝಡ್' ಅಕ್ಷರದ ನಡುಗೆರೆಯ ಹಾಗೆ ವಾಲಿರುತ್ತದೆ. ಎದುರು ಹುರಿಯ ದಾರ ಹಾಕಿದಿರೋ, ಹೊಲಿಯುತ್ತಾ ಹೊಲಿಯುತ್ತಾ ಮಷಿನ್ನೇ ಅದನ್ನು ಬಿಚ್ಚುತ್ತಾ ಬರುತ್ತದೆ, ಎಳೆಗಳು ಬೇರೆಯಾಗಿ ಸೂಜಿಯ ಕಣ್ಣಿನ ಹತ್ತಿರ ಕಿತ್ತುಹೋಗುತ್ತವೆ. ಅನುಭವಿಸಿದವರಿಗೆ ಗೊತ್ತು ಆ ಸಿಟ್ಟು.

ಕಸೂತಿ ದಾರದಲ್ಲಂತೂ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸಾಮಾನ್ಯವಾಗಿ ಸಿಗುವ ಲಡಿ 8 ಮೀಟರ್ ಉದ್ದ, ದಾರಕ್ಕೆ 6 ಎಳೆ. ಸಣ್ಣ ಹೂವಿನ ದಳಕ್ಕೆ ಎರಡೆಳೆ ಸಾಕು, ದಪ್ಪ ಗೆರೆಗೆ ನಾಲ್ಕೆಳೆ ಬೇಕು. ಬಿಡಿಸುವಾಗ ಒಂದೇ ಎಳೆಯ ತುದಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಉಳಿದ ಐದೂ ಕೆಳಗೆ ಮುದ್ದೆಯಾಗಿ ಸುಕ್ಕುಗಟ್ಟಿ ಕೂತುಬಿಡುತ್ತವೆ, ನೋಡಿದರೆ ಎಲ್ಲಾ ಕೆಟ್ಟೇಹೋಯಿತು ಅನಿಸುತ್ತದೆ. ಆದರೆ ಎಳೆ ಪೂರ್ತಿ ಆಚೆ ಬಂದ ಕೂಡಲೇ ಒಂದು ಸಲ ಕೊಡವಿದರೆ ಐದೂ ಮತ್ತೆ ನೆಟ್ಟಗೆ. ಆತುರಪಟ್ಟು ಎರಡು ಮೂರು ಒಟ್ಟಿಗೆ ಎಳೆದವರು ಆಮೇಲೆ ಸಿಕ್ಕು ಬಿಡಿಸುತ್ತಾ ಕೂರಬೇಕು.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಈ ನೂಲಿನ ಎಳೆಯ ಉಳಿದ ಬಳಕೆಗಳೆಲ್ಲ ಇಲ್ಲಿಂದಲೇ ಬಂದಿವೆ. ಎಳೆ ಯಾವಾಗಲೂ ಹಲವುಗಳಲ್ಲಿ ಒಂದು. ಅದಕ್ಕೇ ಅದನ್ನು ಎಣಿಸುತ್ತೇವೆ, ಒಂದೆಳೆ ಸರ, ಎರಡೆಳೆ ಸರ ಅಂತ. ಸಕ್ಕರೆ ಪಾಕವನ್ನು ಬೆರಳುಗಳ ಮಧ್ಯೆ ಹಿಡಿದು ಬಿಡಿಸಿ ಒಂದೆಳೆ ಬಂತಾ ಅಂತ ನೋಡುತ್ತೇವೆ, ಅಲ್ಲಿ ದಾರವೂ ಇಲ್ಲ ಬಟ್ಟೆಯೂ ಇಲ್ಲ. ನಿಮ್ಮ ಸಿನಿಮಾ ವಿಮರ್ಶೆಯವರು ವಾರಕ್ಕೊಮ್ಮೆಯಾದರೂ 'ಕಥೆಯ ಎಳೆ ತೆಳುವಾಗಿದೆ' ಅಂತ ಬರೆಯುತ್ತಾರೆ. ಅಪಘಾತದ ಸುದ್ದಿಯಲ್ಲಿ 'ಕೂದಲೆಳೆ ಅಂತರದಲ್ಲಿ ಪಾರು'. ಜಗಳದ ವರದಿ ಮಾಡುವವರು ಎಲ್ಲವನ್ನೂ 'ಎಳೆಎಳೆಯಾಗಿ ಬಿಚ್ಚಿಟ್ಟರು'. ಈಗ ನಿಮ್ಮ ಪದಬಂಧದ ಲೆಕ್ಕದಲ್ಲಿ ಎಳೆ ತೆಗೆದು ದಾರ ಹಾಕಿ ನೋಡಿ. ಕೂದಲುದಾರ ಅಂತರದಲ್ಲಿ ಪಾರು! ದಾರದಾರವಾಗಿ ಬಿಚ್ಚಿಟ್ಟರು! ಆಗುತ್ತದಾ? ಹುರಿಯಾಗಿ ಕೂಡಿಕೊಂಡದ್ದನ್ನು ತಾನೇ ಎಳೆಎಳೆಯಾಗಿ ಬಿಡಿಸೋದು.

ಇನ್ನು ಎರಡನೇ ಎಳೆ, ಜಗ್ಗುವ ಎಳೆ. ಹೊಲಿಯುವವರ ಕೈಯಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ನೇಯ್ದ ಬಟ್ಟೆಯನ್ನು ನೆಟ್ಟಗೆ ಕತ್ತರಿಸಬೇಕು ಅಂದರೆ ಸ್ಕೇಲಿಗಿಂತ ಒಳ್ಳೆಯ ಉಪಾಯ ಒಂದಿದೆ. ಅಂಚಿನಲ್ಲಿ ಸ್ವಲ್ಪ ಕತ್ತರಿ ತಾಗಿಸಿ, ಹೊಕ್ಕಿನ, ಅಂದರೆ ಅಡ್ಡಡ್ಡ ನೇಯ್ದ ನೂಲಿನ, ಒಂದು ಎಳೆಯನ್ನು ಸೂಜಿ ಮೊನೆಯಿಂದ ಎತ್ತಿ, ಮೆಲ್ಲಗೆ ಎಳೆಯುತ್ತಾ ಹೋಗಬೇಕು. ಬಟ್ಟೆ ಸಾಲಾಗಿ ಮುದುರಿಕೊಳ್ಳುತ್ತದೆ, ಒಂದು ಕೈಯಲ್ಲಿ ಅದನ್ನು ಸವರುತ್ತಾ ಇನ್ನೊಂದು ಕೈಯಲ್ಲಿ ಎಳೆಯುತ್ತಿರಬೇಕು, ಅವಸರ ಮಾಡಿದರೆ ಮಧ್ಯದಲ್ಲೇ ಕಿತ್ತುಹೋಗುತ್ತದೆ. ಎಳೆ ಹೊರಗೆ ಬಂದ ಜಾಗದಲ್ಲಿ ಈ ಅಂಚಿನಿಂದ ಆ ಅಂಚಿಗೆ ತೆಳ್ಳಗೆ ಒಂದು ಗೆರೆ ಕಾಣುತ್ತದೆ. ಕತ್ತರಿ ಅದರ ಮೇಲೆ ಓಡಿದರೆ ಆಯಿತು. ಇದಕ್ಕೆ ನಾವು ಹೇಳೋದು 'ಎಳೆ ಎಳೆದು ಕತ್ತರಿಸು'. ಮೊದಲನೆಯದು ವಸ್ತು, ಎರಡನೆಯದು ಕೆಲಸ. ಕೆಲಸ ಕಲಿಯೋಕೆ ಬಂದ ಹುಡುಗಿಗೆ ಹೀಗೆ ಹೇಳಿದಾಗ ಅವಳು, 'ಅಕ್ಕಾ, ಒಂದು ಸಲ ಹೇಳಿದರೆ ಸಾಕು' ಅಂದಳು.

ಈ ಎಳೆಗಂತೂ ಕೆಲಸ ಜಾಸ್ತಿ. ಗೆರೆ ಎಳೆಯುತ್ತೇವೆ, ಉಸಿರು ಎಳೆಯುತ್ತೇವೆ, ಮುಗಿಯಬೇಕಾದ ಮಾತನ್ನು ಸುಮ್ನೆ ಎಳೆಯುತ್ತೇವೆ. ಸ್ನೇಹಿತರ ಕಾಲೆಳೆಯುತ್ತೇವೆ. ಗಾಯದ ಮೇಲೆ ಬರೆ ಎಳೆಯುವವರು ಬೇರೆ ಇದ್ದಾರೆ. 'ವಿವಾದಕ್ಕೆ ತೆರೆ ಎಳೆದ ಸಚಿವರು' ಅನ್ನೋದು ನಿಮ್ಮದೇ ಶೀರ್ಷಿಕೆ, ಮರುದಿನ ಅದೇ ವಿವಾದ ಮತ್ತೆ ಮೊದಲ ಪುಟದಲ್ಲಿ ಇರುತ್ತದೆ, ಆ ಮಾತು ಬಿಡಿ.

ಮೂರನೆಯದು ಎಳೆ ಮಗು, ಎಳೆ ಬಿಸಿಲು, ಎಳೆಯರು, ಎಳಸು ಬುದ್ಧಿ. ಇದಕ್ಕೂ ಹೊಲಿಗೆಗೂ ಸಂಬಂಧವೇ ಇಲ್ಲ. ತೆಳ್ಳಗಿರುವುದರಿಂದ ಎಳೆಗೆ ಎಳೆಯದು ಅನ್ನೋ ಅರ್ಥ ಬಂತು ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ಹಳಗನ್ನಡದಲ್ಲಿ ಇವು ಬರೆಯೋಕೂ ಬೇರೆ, ನುಡಿಯೋಕೂ ಬೇರೆ. ನೂಲಿನ ಎಳೆಯೂ ಜಗ್ಗುವ ಎಳೆಯೂ 'ಎೞೆ' ಆಗಿದ್ದವು, ಈ ೞ ನಮ್ಮಲ್ಲಿ ಈಗ ಬಳಕೆಯಲ್ಲಿಲ್ಲದ ಹಳೇ ಅಕ್ಷರ. ಚಿಕ್ಕದು ಅನ್ನುವ ಅರ್ಥದ್ದು ಮಾತ್ರ ಈಗಿನ ಳ. ತಮಿಳಿನಲ್ಲಿ ಇವತ್ತಿಗೂ ಹಾಗೇ ಇದೆ, ನೂಲಿನ ಎಳೆ 'ಇೞೈ', ಜಗ್ಗು ಅನ್ನೋಕೆ 'ಇೞು', ಎಳೆಯದಕ್ಕೆ 'ಇಳ'. ನಮ್ಮಲ್ಲಿ ೞ ಮೆಲ್ಲಗೆ ಳ ಒಳಗೆ ಸೇರಿಹೋಯಿತು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಬರುವ ಪದಗಳನ್ನು ಬೇರೆಯಾಗಿಯೇ ಪಟ್ಟಿ ಮಾಡಿಟ್ಟಿದ್ದಾನೆ. ಜನ ಆಗಲೇ ಎರಡನ್ನೂ ಬೆರೆಸಿ ಮಾತಾಡುತ್ತಿದ್ದಿರಬೇಕು, ಇಲ್ಲದಿದ್ದರೆ ಪಟ್ಟಿ ಮಾಡುವ ಕಷ್ಟ ಯಾಕೆ ಬೇಕಿತ್ತು ಅಂತ ನನ್ನ ಊಹೆ. 'ಹಳೆ' ಅನ್ನೋ ಪದವೇ ಹಿಂದೆ 'ಪೞೆ' ಆಗಿತ್ತು. ಈ ಅಕ್ಷರದ ಗ್ರಹಚಾರ ಕಂಪ್ಯೂಟರ್ ಕಾಲದಲ್ಲೂ ಬಿಟ್ಟಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಇದರ ಹೆಸರು ತಪ್ಪಾಗಿ 'ಫ' ಅಂತ ದಾಖಲಾಗಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವ ಹಾಗಿಲ್ಲ ಅನ್ನೋದು ಅಲ್ಲಿನ ನಿಯಮವಂತೆ.

ಹೀಗಾಗಿ ಈಗ ನಮ್ಮ ಹತ್ತಿರ ಒಂದೇ ಉಡುಪು ತೊಟ್ಟ ಮೂರು ಪದಗಳಿವೆ. 'ಎಳೆಯರೇ, ಎಳೆಯ ಎಳೆ ಎಳೆಯಿರಿ' ಅಂತ ಬರೆದರೆ ಹೊಸದಾಗಿ ಕನ್ನಡ ಕಲಿಯುವವರು ಓಡಿಹೋಗುತ್ತಾರೆ, ನಾವು ಮಾತ್ರ ತಡೆಯಿಲ್ಲದೆ ಓದುತ್ತೇವೆ. ಇಷ್ಟು ದೊಡ್ಡ ಸಂಸಾರದ ಪದಕ್ಕೆ 'ದಾರ' ಅಂತ ಒಂದೇ ಮಾತಿನ ಸುಳಿವು ಕೊಟ್ಟರೆ ಬೇಜಾರಾಗಲ್ವಾ? ನೀವು ಹೇಳಬಹುದು, ನಿಘಂಟಿನಲ್ಲೂ ಎಳೆ ಅನ್ನೋದಕ್ಕೆ ನೂಲು, ದಾರ ಅಂತ ಅರ್ಥ ಇದೆಯಲ್ಲಮ್ಮ ಅಂತ. ಇದೆ, ಒಪ್ಪಿದೆ. ಆದರೆ ನಿಘಂಟು ಬರೆದವರು ಸೂಜಿಗೆ ಪೋಣಿಸುವಾಗ ಮೂರೆಳೆಯಲ್ಲಿ ಎರಡು ಒಳಗೆ ಹೋಗಿ ಒಂದು ಹೊರಗೇ ಉಳಿದು, ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಮತ್ತೆ ಪೋಣಿಸಿದವರಲ್ಲ ಅಂತ ಕಾಣುತ್ತದೆ.

ಮುಂದಿನ ಸಲ ಈ ಪದ ಹಾಕುವುದಿದ್ದರೆ ಸುಳಿವುಗಳನ್ನು ನಾನೇ ಕೊಡುತ್ತೇನೆ, ದುಡ್ಡು ಬೇಡ. 'ಹುರಿ ಬಿಚ್ಚಿದರೆ ಸಿಗುವುದು'. 'ಕಾಲಿಗೂ ಗೆರೆಗೂ ತೆರೆಗೂ ಮಾಡುವ ಕೆಲಸ'. 'ಬೆಳಗಿನ ಬಿಸಿಲು ಹೀಗಿರುತ್ತದೆ'. ಮೂರಕ್ಕೂ ಎರಡೇ ಅಕ್ಷರ, ಮೂರಕ್ಕೂ ಉತ್ತರ ಒಂದೇ. ಮಳೆಯನ್ನು ಮಾತ್ರ ಅದೇ ಜಾಗದಲ್ಲಿ ಇರಲಿ ಬಿಡಿ, ಅದೊಂದನ್ನು ನಾನು ಸರಿಯಾಗಿ ತುಂಬಿಸಿದ್ದೆ.

ಇಂತಿ,
ಪೆನ್ನಿನಲ್ಲೇ ಪದಬಂಧ ತುಂಬಿಸುವ ಒಬ್ಬ ದರ್ಜಿ